ಮಡಚಿ ಬಿದ್ದ ಅಡಿಕೆ ಲೆಕ್ಕ

ಸಾಗರದ ಹತ್ತಿರ ಇರುವ ನಮ್ಮ ಭಾವನಿಗೆ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಮಂಡಿಗೆ ಹಾಕಿದ ಅಡಿಕೆ ಎಷ್ಟು ಚೀಲ, ಎಷ್ಟು ತೂಕ, ಯಾವ ದರ ಅಂತ ಪಟ್ಟಿ ಮಾಡಿ ತೋರಿಸುವಂಥದ್ದು. ಕಪ್ಪು ಟರ್ಮಿನಲ್ (ಬರೀ ಅಕ್ಷರ ತೋರಿಸುವ ಕಿಟಕಿ), ಬಿಳಿ ಅಕ್ಷರ, ಅಷ್ಟೇ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಒಂದು ಮಳೆಗಾಲದ ಸಂಜೆ ಭಾವನ ಫೋನ್ ಬಂತು. “ಎಂತ ಮಾರಾಯ ಇದು, ಲೆಕ್ಕ ಎಲ್ಲ ಮಡಚಿ ಬಿದ್ದಿದ್ಯಲ್ಲ!”

ಆಗಿದ್ದಿಷ್ಟೇ. ಭಾವ ಟರ್ಮಿನಲ್ ಕಿಟಕಿಯನ್ನು ಕಿರಿದು ಮಾಡಿ, ಪಕ್ಕದಲ್ಲಿ ಯೂಟ್ಯೂಬ್ ಇಟ್ಟುಕೊಂಡಿದ್ದರು. ನಾನು ಸಾಲಿಗೆ 110 ಅಕ್ಷರ ಅಂತ ಸುಮ್ನೆ ಬರೆದಿದ್ದೆ. ಅಲ್ಲಿ ಜಾಗ ಇದ್ದದ್ದು 70ಕ್ಕೆ. ಉಳಿದ 40 ಕೆಳಗಿನ ಸಾಲಿಗೆ ಇಳಿದಿತ್ತು. ದರ ಬಂದು ಚೀಲದ ಕೆಳಗೆ ಕೂತಿತ್ತು.

ಹಾಗಾದರೆ ಪ್ರೋಗ್ರಾಂ ತಾನೇ ಅಗಲ ನೋಡಿಕೊಳ್ಳಬಾರದಾ? ನೋಡಿಕೊಳ್ಳಲು ಅದಕ್ಕೆ ಪರದೆ ಕಾಣುವುದೇ ಇಲ್ಲ. ಅದು ಅಕ್ಷರಗಳನ್ನು ಒಂದರ ಹಿಂದೆ ಒಂದು ಸಾಲಾಗಿ ಕಳಿಸುತ್ತದೆ, ಅಷ್ಟೇ ಅದರ ಕೆಲಸ. ಅಗಲ ಬೇಕಾದರೆ ಕೇಳಬೇಕು. ಲಿನಕ್ಸ್‌ನ ಕರ್ನಲ್, ಅಂದರೆ ಕಂಪ್ಯೂಟರ್ ನಡೆಸುವ ಆ ವ್ಯವಸ್ಥೆಯ ತಿರುಳು, ಪ್ರತಿ ಟರ್ಮಿನಲ್‌ಗೂ ಒಂದು ಚೀಟಿ ಇಟ್ಟಿರುತ್ತದೆ. ಅದರಲ್ಲಿ ನಾಲ್ಕೇ ಸಂಖ್ಯೆ: ಎಷ್ಟು ಸಾಲು, ಎಷ್ಟು ಕಾಲಮ್ (ಸಾಲಿನಲ್ಲಿ ಒಂದು ಅಕ್ಷರ ಕೂರುವ ಜಾಗ), ಅಡ್ಡಕ್ಕೆ ಎಷ್ಟು ಚುಕ್ಕೆ (ಪಿಕ್ಸೆಲ್), ಉದ್ದಕ್ಕೆ ಎಷ್ಟು ಚುಕ್ಕೆ. ಚುಕ್ಕೆಯ ಎರಡನ್ನು ಎಷ್ಟೋ ಟರ್ಮಿನಲ್‌ಗಳು ಸೊನ್ನೆ ಅಂತಲೇ ಬಿಟ್ಟಿರುತ್ತವೆ. ಅಯೋಕ್ಟಲ್ ಎಂಬ ಕರೆಯ ಮೂಲಕ ಈ ಚೀಟಿ ಕೇಳಿದರೆ ಸಿಗುತ್ತದೆ. ಆ ಕೋರಿಕೆಗೆ ಇಟ್ಟಿರುವ ಹೆಸರು ಮಾತ್ರ ನಾಲಿಗೆ ತಿರುಗದಂಥದ್ದು, ಬಿಡಿ.

ತಮಾಷೆ ಎಂದರೆ ಕರ್ನಲ್ ಕೂಡ ಏನನ್ನೂ ಅಳೆದಿರುವುದಿಲ್ಲ. ಕಿಟಕಿ ತೋರಿಸುವ ಟರ್ಮಿನಲ್ ತಂತ್ರಾಂಶ ಬರೆಸಿದ್ದನ್ನು ಇಟ್ಟುಕೊಂಡಿರುತ್ತದೆ, ಕೇಳಿದವರಿಗೆ ಓದಿ ಹೇಳುತ್ತದೆ. ನೀವು ಶಿವಮೊಗ್ಗದಲ್ಲಿ ಕೂತು ಎಸ್‌ಎಸ್‌ಎಚ್ ಮೂಲಕ ದೂರದ ಸರ್ವರ್‌ಗೆ ಹೋದರೆ, ನಿಮ್ಮ ಕಿಟಕಿಯ ಅಳತೆ ಅಲ್ಲಿಗೂ ಸುದ್ದಿಯಾಗಿ ಹೋಗುತ್ತದೆ. ಕಿಟಕಿ ಎಳೆದು ಹಿಗ್ಗಿಸಿದರೆ ಚೀಟಿ ತಿದ್ದಲಾಗುತ್ತದೆ, ಓಡುತ್ತಿರುವ ಪ್ರೋಗ್ರಾಂಗೆ ಸಿಗ್‌ವಿಂಚ್ ಎಂಬ ಸಂಕೇತ ಬರುತ್ತದೆ. ‘ಅಳತೆ ಬದಲಾಗಿದೆ’ ಅಂತ ಮಾತ್ರ ಅದು ಹೇಳುತ್ತದೆ. ಎಷ್ಟಾಯಿತು ಅಂತ ಮತ್ತೆ ನಾವೇ ಕೇಳಬೇಕು. ಕೇಳದಿದ್ದರೆ ಹಳೇ ಅಗಲವೇ ಗತಿ.

ಚೀಟಿ ಖಾಲಿ ಇದ್ದರೆ? ಆಗ ಹೆಚ್ಚಿನ ಪ್ರೋಗ್ರಾಂಗಳು 80 ಅಂದುಕೊಳ್ಳುತ್ತವೆ. ಪ್ರೋಗ್ರಾಂ ಬರೆಯುವ ಭಾಷೆ ಪೈಥಾನ್ ಕೂಡ 80 ಕಾಲಮ್, 24 ಸಾಲು ಅಂತ ಉತ್ತರ ಕೊಡುತ್ತದೆ. ಈ 80 ಎಲ್ಲಿಂದ ಬಂತು ಅಂತ ಹುಡುಕಿದರೆ ರಟ್ಟಿನ ಕಾರ್ಡಿಗೆ ಹೋಗಿ ನಿಲ್ಲುತ್ತೇವೆ. 1928ರಲ್ಲಿ ಐಬಿಎಂ ತಂದ, ತೂತು ಹಾಕಿ ಮಾಹಿತಿ ಬರೆಯುವ ಪಂಚ್ ಕಾರ್ಡಿಗೆ 80 ಕಾಲಮ್ ಇತ್ತು. ಆಗ ಟರ್ಮಿನಲ್ ಅಂದರೆ ಪರದೆ, ಕೀಬೋರ್ಡು ಇರುವ ಯಂತ್ರ; 1978ರ ವಿಟಿ100 ಟರ್ಮಿನಲ್‌ಗೂ ಮಾಮೂಲಿಯಾಗಿ 80, ಬೇಕಾದರೆ 132. ಕಾರ್ಡು ಹೋಯಿತು, ಆ ಟರ್ಮಿನಲ್ಲೂ ಹೋಯಿತು, 80 ಉಳಿಯಿತು.

ಸೀರಿಯಲ್ ತಂತಿಯಲ್ಲಿ ಜೋಡಿಸಿದ ಪುಟ್ಟ ಕಂಪ್ಯೂಟರ್ ಬೋರ್ಡುಗಳಲ್ಲಿ ಚೀಟಿ ಬರೆಸುವವರೇ ಇಲ್ಲ. ಅಲ್ಲಿ ಒಂದು ಹಳೇ ಉಪಾಯ ಇದೆ, ನನಗೆ ಬಹಳ ಇಷ್ಟ. ಮಳೆಗಾಲದಲ್ಲಿ ಕರೆಂಟು ಹೋದಾಗ ಕತ್ತಲಲ್ಲಿ ಕೈ ಮುಂದೆ ಚಾಚಿ ಗೋಡೆ ಸಿಗುವವರೆಗೂ ನಡೆಯುತ್ತೇವೆ ಅಲ್ವಾ, ಹಾಗೇ. ಕರ್ಸರ್‌ಗೆ ‘999ನೇ ಸಾಲು, 999ನೇ ಕಾಲಮ್‌ಗೆ ಹೋಗು’ ಅಂತ ಹೇಳುವುದು. ಅಷ್ಟು ಜಾಗ ಇಲ್ಲ, ಮೂಲೆಗೆ ಹೋಗಿ ತಾಗಿ ನಿಲ್ಲುತ್ತದೆ. ಆಮೇಲೆ ‘ಈಗ ಎಲ್ಲಿದ್ದೀಯ?’ ಅಂತ ಕೇಳುವುದು. 24, 80 ಅಂತ ಉತ್ತರ ಬಂದರೆ ಅದೇ ಪರದೆಯ ಅಳತೆ. ಈ ಉತ್ತರ ಕೀಬೋರ್ಡಿನಲ್ಲಿ ಒತ್ತಿದ ಅಕ್ಷರಗಳ ದಾರಿಯಲ್ಲೇ ಬರುತ್ತದೆ. ಹಾಗಾಗಿ ಅದೇ ಹೊತ್ತಿಗೆ ಯಾರಾದರೂ ಟೈಪ್ ಮಾಡುತ್ತಿದ್ದರೆ ಎರಡೂ ಕಲಸಿಹೋಗಬಹುದು.

ಭಾವನ ಪ್ರೋಗ್ರಾಂಗೆ ಅಷ್ಟೆಲ್ಲ ಬೇಕಾಗಲಿಲ್ಲ. ಅಯೋಕ್ಟಲ್ ಹಾಕಿದೆ, ಸರಿಹೋಯಿತು. ಮರುದಿನ ಮತ್ತೆ ಫೋನ್. ಪಟ್ಟಿಯನ್ನು ಫೈಲಿಗೆ ಉಳಿಸಲು ಹೋದರೆ ಪ್ರೋಗ್ರಾಂ ನಿಂತೇಹೋಗುತ್ತಿತ್ತು. ತಪ್ಪು ನನ್ನದೇ. ಫೈಲಿಗೆ ಎಲ್ಲಿಯ ಅಗಲ? ಕೇಳಿದರೆ ‘ಇದು ಟರ್ಮಿನಲ್ ಅಲ್ಲ’ ಎಂಬ ಅರ್ಥದ ದೋಷ ಬರುತ್ತದೆ, ಅದನ್ನು ನಾನು ಹಿಡಿದಿರಲಿಲ್ಲ. ಈಗ ಫೈಲಿಗೆ ಹೋಗುವಾಗ ಸಾಲನ್ನು ಎಲ್ಲೂ ಕತ್ತರಿಸದೆ ಪೂರ್ತಿ ಬರೆಯುತ್ತದೆ.

ಇಷ್ಟಾದರೂ ಪಟ್ಟಿ ನೆಟ್ಟಗಾಗಲಿಲ್ಲ, ಯಾಕೆಂದರೆ ಅದು ಕನ್ನಡದಲ್ಲಿತ್ತು. ಅಡಿಕೆಯ ಬಗೆಗಳ ಪೈಕಿ ಎರಡನ್ನು ನೋಡಿ: ಬೆಟ್ಟೆ, ಗೊರಬಲು. ಕಣ್ಣಿಗೆ ಬೆಟ್ಟೆ ಎರಡು ಅಕ್ಷರ, ಗೊರಬಲು ನಾಲ್ಕು. ಅಕ್ಷರ, ಚಿಹ್ನೆಗಳಿಗೆ ಕಂಪ್ಯೂಟರಿನಲ್ಲಿ ಸಂಖ್ಯೆ ಕೊಡುವ ಯೂನಿಕೋಡ್ ಲೆಕ್ಕದಲ್ಲಿ ಎರಡೂ ಆರಾರು! ಬೆಟ್ಟೆಯಲ್ಲಿ ಬ, ಎತ್ವ, ಟ, ವಿರಾಮ (ಒತ್ತಕ್ಷರ ಕೂಡಿಸುವ ಅರ್ಧಾಕ್ಷರದ ಚಿಹ್ನೆ), ಮತ್ತೆ ಟ, ಮತ್ತೆ ಎತ್ವ ಬೇರೆ ಬೇರೆಯಾಗಿ ಕೂತಿರುತ್ತವೆ. ಬೈಟ್ ಲೆಕ್ಕ ಹಿಡಿದರೆ ಎರಡೂ 18. ಪೈಥಾನಿಗೆ ‘ಹತ್ತು ಜಾಗಕ್ಕೆ ತುಂಬಿಸು’ ಅಂದರೆ ಎರಡಕ್ಕೂ ನಾಲ್ಕೇ ಖಾಲಿ ಜಾಗ ಸೇರಿಸುತ್ತದೆ. ಬೆಟ್ಟೆಯ ಸಾಲಿನ ದರ ಎಡಕ್ಕೆ ಜಾರುತ್ತದೆ.

ಅಕ್ಷರಕ್ಕೆ ಪರದೆಯಲ್ಲಿ ಎಷ್ಟು ಮನೆ (ಕಾಲಮ್) ಅಂತ ಹೇಳುವ ಕೋಷ್ಟಕಗಳೇನೋ ಇವೆ. ಚೀನೀ ಅಕ್ಷರಕ್ಕೆ ಎರಡು ಮನೆ ಕೊಡುತ್ತವೆ. ನಮ್ಮ ‘ಣ’ ಎಷ್ಟೇ ಅಗಲ ಇದ್ದರೂ ಒಂದೇ ಮನೆ. ಎತ್ವ, ವಿರಾಮಕ್ಕೆ ಸೊನ್ನೆ. ಆ ಲೆಕ್ಕದಲ್ಲಿ ಬೆಟ್ಟೆಗೆ ಮೂರು ಮನೆ ಬರುತ್ತದೆ, ಆದರೆ ಒತ್ತಕ್ಷರ ಕೆಳಗೆ ಹೋದಮೇಲೆ ಕಾಣುವುದು ಎರಡೇ. ಒಂದು ಟರ್ಮಿನಲ್ ಮೂರನ್ನೂ ಬಿಟ್ಟುಕೊಡುತ್ತದೆ, ಇನ್ನೊಂದು ಎರಡರಲ್ಲೇ ಮುಗಿಸುತ್ತದೆ. ಪರದೆಯ ಅಗಲ 70 ಅಂತ ಸರಿಯಾಗಿ ಗೊತ್ತಿದ್ದೂ ಅದರಲ್ಲಿ ಎಷ್ಟು ಖರ್ಚಾಯಿತು ಅಂತ ಗೊತ್ತಾಗದ ಸ್ಥಿತಿ.

ಕೊನೆಗೆ ನಾನು ಅಡ್ಡದಾರಿ ಹಿಡಿದೆ. ಅಂಕಿಗಳನ್ನೆಲ್ಲ ಮೊದಲು ಹಾಕಿ, ಅಡಿಕೆಯ ಹೆಸರನ್ನು ಸಾಲಿನ ಕಟ್ಟಕಡೆಗೆ ದೂಡಿದೆ. ಅದರ ಬಲಗಡೆ ಯಾರೂ ಇಲ್ಲದ ಮೇಲೆ ಅದು ಎಷ್ಟು ಜಾಗ ತಿಂದರೂ ಇನ್ನೊಬ್ಬರನ್ನು ತಳ್ಳುವುದಿಲ್ಲ. ಭಾವನಿಗೆ ಮಾತ್ರ ಇದು ಒಂಚೂರೂ ಹಿಡಿಸಿಲ್ಲ. “ದರ ಮೊದಲು, ಮಾಲು ಆಮೇಲೆ! ಯಾವ ಊರಿನ ಲೆಕ್ಕನೋ ಇದು?”