ಜಮ್ಮಾ ಕೋವಿ ಅಂದರೆ ಅಜ್ಜನ ಕೋವಿ ಅಲ್ಲ

ಮೊನ್ನೆ ಹಾಸನದ ಕಡೆಯ ಪರಿಚಯದವರೊಬ್ಬರು ಅಟ್ಟದಿಂದ ಅಜ್ಜನ ಕೋವಿ ಇಳಿಸಿ ತೋರಿಸಿದರು. 'ಇದು ಜಮ್ಮಾ ಕೋವಿ, ಲೈಸೆನ್ಸು ಗೀಸೆನ್ಸು ಏನೂ ಬೇಡ' ಅಂದರು. ಜಮ್ಮಾ ಕೋವಿ ಅನ್ನುವುದು ಕೊಡಗಿನಲ್ಲಿ ಕೆಲವರು ಲೈಸೆನ್ಸ್ ಇಲ್ಲದೆ ಇಟ್ಟುಕೊಳ್ಳಬಹುದಾದ ಕೋವಿಗೆ. ಅವರಿಗೂ ಕೊಡಗಿಗೂ ಸಂಬಂಧವೇ ಇಲ್ಲ. ಹಳೇದು, ಅಜ್ಜನದು, ಹಾಗಾಗಿ ಜಮ್ಮಾ! ಈ ಲೆಕ್ಕವನ್ನು ಎಷ್ಟನೇ ಸಲ ಕೇಳುತ್ತಿದ್ದೇನೋ.

ಮೊದಲು ಪದ. ಜಮ್ಮಾಕ್ಕೂ ಜಮೀನಿಗೂ ನಂಟಿಲ್ಲ. ಜಮೀನು ಪಾರಸಿಯದು, ಜಮಾ-ಖರ್ಚಿನ ಜಮಾ ಅರಬ್ಬಿಯದು. ಜಮ್ಮ ಬಂದದ್ದು ಜನ್ಮದಿಂದ, 'ನ್ಮ' ಬಾಯಲ್ಲಿ ಸವೆದು 'ಮ್ಮ' ಆಯಿತು, ಅಷ್ಟೆ. ಕೇರಳದ ಜನ್ಮಿಯೂ ಇದೇ ಬೇರಿನವನು. ಹುಟ್ಟಿನಿಂದ ಬಂದ ಹಕ್ಕು ಅಂತ ಅರ್ಥ. ಯಾವುದರ ಹಕ್ಕು? ಕೋವಿಯದಲ್ಲ, ಭೂಮಿಯದು. ಕೊಡಗಿನ ರಾಜರ ಕಾಲದಲ್ಲಿ ಜಮ್ಮಾ ಭೂಮಿ ಪಡೆದ ಮನೆತನದವರು ಕರೆ ಬಂದಾಗ ರಾಜನ ಕೆಲಸಕ್ಕೆ ಹೋಗಬೇಕಿತ್ತು, ಯುದ್ಧಕ್ಕೂ ಸೇರಿ. ಅದರ ಬದಲಿಗೆ ಕಂದಾಯ ಅರ್ಧ. ಪೂರ್ತಿ ಕಂದಾಯದ 'ಸಾಗು' ಭೂಮಿಗೆ 100 ಭಟ್ಟಿಗೆ (ಭಟ್ಟಿ ಅಂದರೆ ಅಲ್ಲಿನ ಗದ್ದೆಯ ಅಳತೆ) 10 ರೂಪಾಯಿ ಇದ್ದಾಗ ಜಮ್ಮಾಕ್ಕೆ 5. ಆ ಭೂಮಿಯೂ ಒಬ್ಬನ ಸ್ವಂತದ್ದಲ್ಲ, ಇಡೀ ಒಕ್ಕದ್ದು, ಅಂದರೆ ಮನೆತನದ್ದು. ಕೋವಿ ಈ ಪದದ ಪಕ್ಕಕ್ಕೆ ಬಂದು ನಿಂತದ್ದು ಆಮೇಲೆ. 1861ರಲ್ಲಿ ಕೊಡವರಿಗೆ ಆಯುಧ ಕಾನೂನಿನಿಂದ ವಿನಾಯಿತಿ ಕೊಟ್ಟು ಘೋಷಣೆ ಹೊರಡಿಸಿದವನು ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್. ಹೌದು, ಬೆಂಗಳೂರಿನ ಪಾರ್ಕಿನಲ್ಲಿ ಹೆಸರು ಉಳಿದಿರುವ ಅದೇ ಕಬ್ಬನ್.

ಇನ್ನೊಂದು ಗೊಂದಲ, ಜಮ್ಮಾ ಕೋವಿ ಅಂದರೆ ಬರೀ ಕೊಡವರ ಕೋವಿ ಅನ್ನೋದು. ಈಗಿನ ವಿನಾಯಿತಿಗೆ ಎರಡು ಬಾಗಿಲಿದೆ. ಕೊಡವರಾಗಿದ್ದರೆ ಒಂದರಲ್ಲಿ, ಜಮ್ಮಾ ಹಿಡುವಳಿದಾರರಾಗಿದ್ದರೆ ಇನ್ನೊಂದರಲ್ಲಿ. ಕೊಡವರಲ್ಲದ, ಆದರೆ ಜಮ್ಮಾ ಇರುವ ಅರೆಭಾಷೆ ಗೌಡರೂ ಒಳಗೆ ಬರುತ್ತಾರೆ, ಒಂದು ಸೆಂಟ್ ಜಮ್ಮಾ ಇಲ್ಲದ ಕೊಡವರೂ ಬರುತ್ತಾರೆ. 2019ರಲ್ಲಿ ಕೇಂದ್ರ ಇದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ವಿನಾಯಿತಿ ಇರುವುದು ಮನುಷ್ಯನಿಗೆ, ಕೋವಿಗಲ್ಲ. ಅದೇ ಕೋವಿ ನನ್ನ ಕೈಗೆ ಬಂದರೆ ನನಗೆ ಲೈಸೆನ್ಸ್ ಬೇಕೇ ಬೇಕು.

ಕೊಡವರ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್ ದಿನ ಕೊಡಗಿನ ಮನೆಗೆ ಹೋಗಿ ನೋಡಿ. ಎಣ್ಣೆ ಹಚ್ಚಿ ಒರೆಸಿದ ಕೋವಿ ದೀಪದ ಮುಂದೆ ನಿಂತಿರುತ್ತದೆ, ಗಂಧದ ಬೊಟ್ಟು ಇಟ್ಟಿರುತ್ತಾರೆ, ನಳಿಗೆಯ ತುದಿಗೆ ಕೆಂಪು-ಹಳದಿಯ ತೋಕ್ ಪೂ. ತೋಕ್ ಅಂದರೆ ಕೊಡವ ಭಾಷೆಯಲ್ಲಿ ಕೋವಿ, ಹೂವಿನ ಹೆಸರೇ ಕೋವಿ ಹೂ. ಊಟವಾದ ಮೇಲೆ ತೆಂಗಿನಕಾಯಿಗೆ ಗುರಿ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು. ಊರಿಗೆ ಸುದ್ದಿ ಮುಟ್ಟುವುದು ಆ ಸದ್ದಿನಿಂದಲೇ. ಅಟ್ಟದ ಮೇಲೆ ಇಲಿ ಹಿಕ್ಕೆಯ ನಡುವೆ ಬಿದ್ದಿದ್ದನ್ನು ಇದರ ಸಾಲಿಗೆ ಸೇರಿಸುವುದು ಸ್ವಲ್ಪ ಜಾಸ್ತಿ ಆಯ್ತು, ಅಲ್ವಾ?

ಉಳಿದವರ ಅಜ್ಜನ ಕೋವಿಗೆ ಬೇರೆ ದಾರಿ ಇದೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸುದಾರ ತೀರಿಕೊಂಡ ಮೇಲೆ ವಾರಸುದಾರ ತನ್ನ ಹೆಸರಿಗೆ ಲೈಸೆನ್ಸ್ ಕೇಳಬಹುದು. ಅಜ್ಜ ಬದುಕಿದ್ದಾಗಲೇ ಕೊಡಬೇಕಾ? ಅವರಿಗೆ 70 ವರ್ಷ ಆಗಿರಬೇಕು, ಇಲ್ಲವೇ ಕೋವಿ ಅವರ ಬಳಿ 25 ವರ್ಷ ಇದ್ದಿರಬೇಕು. ಒಬ್ಬರಿಗೆ ಎರಡೇ ಕೋವಿ ಅನ್ನುವ 2019ರ ಮಿತಿ ವಂಶಪಾರಂಪರ್ಯದ ಕೋವಿಗೂ ಅನ್ವಯ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಹಾಸನದವರು, 'ಹಾಗಿದ್ರೆ ಇದು ಕೆಟ್ಟು ಕೂತಿದೆ ಬಿಡಿ' ಅಂತ ಹೊಸ ವರಸೆ ತೆಗೆದರು. ಹಳೇ ಮಾದರಿಯ, ಇಲ್ಲವೇ ಕೆಟ್ಟುಹೋದ ಆಯುಧಕ್ಕೆ ಕಾಯ್ದೆ ರಿಯಾಯಿತಿ ಕೊಡುವುದು ನಿಜ. ಆದರೆ ರಿಪೇರಿ ಮಾಡಿದರೂ ಹಾರಬಾರದು, ಅದು ಷರತ್ತು. ನಳಿಗೆ ಖಾಲಿ ಅಂತ ನೋಡಿಕೊಂಡು ಕುದುರೆ ಎಳೆದೆ. ಟಕ್ ಅಂತ ಚೆನ್ನಾಗಿಯೇ ಬಡಿಯಿತು.