ಅನುಭವಿ ಪೊಲೀಸರಿಗೆ ಹೆಚ್ಚಿನ ಆರಂಭಿಕ ಸಂಬಳ: ಮೊದಲು ಒಳಗಿರುವವರ ಲೆಕ್ಕ ನೋಡಿ

ಬೀದರಿನ ಕಾನ್‌ಸ್ಟೇಬಲ್‌ಗೂ ಮೈಸೂರಿನ ಕಾನ್‌ಸ್ಟೇಬಲ್‌ಗೂ ವೇತನ ಶ್ರೇಣಿ ಒಂದೇ. ಹೀಗಾಗಿ ಸಂಬಳದ ಆಸೆ ತೋರಿಸಿ ಒಂದು ಜಿಲ್ಲೆಯವರು ಇನ್ನೊಂದು ಜಿಲ್ಲೆಯ ಪೊಲೀಸರನ್ನು ಸೆಳೆಯುವ ಪ್ರಶ್ನೆ ನಮ್ಮಲ್ಲಿ ಏಳುವುದಿಲ್ಲ. ಅಮೆರಿಕದಲ್ಲಿ ಸುಮಾರು 18,000 ಪೊಲೀಸ್ ಸಂಸ್ಥೆಗಳಿವೆ. ಹೆಚ್ಚಿನವು ನಗರ ಇಲ್ಲವೇ ಕೌಂಟಿಯ (ನಮ್ಮ ಜಿಲ್ಲೆಯಂಥದು) ಅಧೀನ. ಸಂಬಳವೂ ಅಲ್ಲಲ್ಲಿಯೇ ನಿಗದಿ. ಬೇರೆ ಇಲಾಖೆಯಿಂದ ಬರುವ ಅನುಭವಿಗಳನ್ನು ಅಲ್ಲಿ ‘ಲ್ಯಾಟರಲ್’ ಎನ್ನುತ್ತಾರೆ. ಇವರಿಗಾಗಿ ಸಿಯಾಟಲ್ 2022ರಲ್ಲಿ 30,000 ಡಾಲರ್‌ವರೆಗೆ, ಕ್ಯಾಲಿಫೋರ್ನಿಯಾದ ಅಲಮೀಡಾ 2023ರಲ್ಲಿ 75,000 ಡಾಲರ್ ಸೇರ್ಪಡೆ ಬೋನಸ್ ಘೋಷಿಸಿದವು.

ಇಷ್ಟು ಕೊಡಲು ಕಾರಣವಿದೆ. ಹೊಸಬರಿಗೆ ಸುಮಾರು ಆರು ತಿಂಗಳ ಅಕಾಡೆಮಿ, ಮೇಲೆ ಮೂರು-ನಾಲ್ಕು ತಿಂಗಳ ಕ್ಷೇತ್ರ ತರಬೇತಿ. ಅಷ್ಟೂ ದಿನ ಸಂಬಳ ಹೋಗುತ್ತದೆ, ಒಂಟಿಯಾಗಿ ಗಸ್ತಿಗೆ ಕಳಿಸುವಂತಿಲ್ಲ. ಅದೇ ರಾಜ್ಯದ ಪ್ರಮಾಣಪತ್ರ ಇರುವ ಅನುಭವಿಗೆ ಅಕಾಡೆಮಿ ಬೇಕಿಲ್ಲ, ಕ್ಷೇತ್ರ ತರಬೇತಿಯೂ ಮೊಟಕು.

ಬೋನಸ್ ಒಂದು ಸಲದ ಖರ್ಚು. ಅದರ ಬದಲು ಹಿಂದಿನ ಸೇವೆ ಎಣಿಸಿ ವೇತನ ಶ್ರೇಣಿಯ ಮೇಲಿನ ಮೆಟ್ಟಿಲಲ್ಲಿ ನೇಮಿಸುವ ನಿಯಮ ತಂದರೆ ಓವರ್‌ಟೈಮ್, ಪಿಂಚಣಿ ಎಲ್ಲಕ್ಕೂ ಆ ಸಂಬಳವೇ ಮೂಲವಾಗಿ ಖರ್ಚು ವರ್ಷವರ್ಷವೂ ಉಳಿಯುತ್ತದೆ. ಎಡವಟ್ಟಾಗುವುದೂ ಇಲ್ಲೇ. ಒಂದು ಲೆಕ್ಕ ಹಾಕೋಣ. ಮೊದಲ ಮೆಟ್ಟಿಲು 80,000 ಡಾಲರ್, ಮೆಟ್ಟಿಲಿಗೆ ಶೇ 5 ಏರಿಕೆ ಎಂದುಕೊಳ್ಳಿ: 84,000, 88,200, 92,610. ಐದು ವರ್ಷದ ಅನುಭವವಿದ್ದ ಒಬ್ಬರು ಕಳೆದ ವರ್ಷ ಹಳೆಯ ನಿಯಮದಂತೆ ಮೊದಲ ಮೆಟ್ಟಿಲಲ್ಲಿ ಸೇರಿ ಈಗ ಎರಡರಲ್ಲಿದ್ದಾರೆ. ಈ ವರ್ಷ ಆರು ವರ್ಷದ ಅನುಭವದವರು ಹೊಸ ನಿಯಮದಂತೆ ನೇರವಾಗಿ ನಾಲ್ಕಕ್ಕೆ ಬರುತ್ತಾರೆ. ಇಬ್ಬರ ಒಟ್ಟು ಅನುಭವ ಸಮ. ಸಂಬಳದಲ್ಲಿ 8,610 ಡಾಲರ್ ಅಂತರ. ವರ್ಷಕ್ಕೆ 2,080 ಗಂಟೆಯಂತೆ ಭಾಗಿಸಿದರೆ ಗಂಟೆಗೆ 4.14, ಒಂದೂವರೆ ಪಟ್ಟು ಓವರ್‌ಟೈಮಿನಲ್ಲಿ 6.21. ಊರಿನ ಬಗ್ಗೆ ಹೇಳಿಕೊಡಬೇಕಾದವರು ಕಡಿಮೆ ಸಂಬಳದವರೇ! ಅವರು ಪಕ್ಕದ ಊರಿಗೆ ಅರ್ಜಿ ಹಾಕಿದರೆ ತಪ್ಪು ಹೇಗೆ ಹೇಳುವುದು? ಆಮೇಲೆ ಒಬ್ಬರನ್ನು ತಂದು ಒಬ್ಬರನ್ನು ಕಳೆದುಕೊಂಡ ಹಾಗೆ.

ಆದ್ದರಿಂದ ಜಾಹೀರಾತಿಗೂ ಮುಂಚೆ ಈಗಿರುವ ಪ್ರತಿಯೊಬ್ಬರ ಹಿಂದಿನ ಸೇವೆಯನ್ನು ಹೊಸ ನಿಯಮಕ್ಕೆ ಹಚ್ಚಿ ನೋಡಬೇಕು. ಆ ಲೆಕ್ಕಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಇರುವವರನ್ನು ನಿಯಮ ಜಾರಿಯಾದ ದಿನದಿಂದಲೇ ಮೇಲೆತ್ತಬೇಕು. ಅದಕ್ಕೆ ಹಣವಿಲ್ಲದಿದ್ದರೆ ಯೋಜನೆಗೂ ಹಣವಿಲ್ಲ ಎಂದೇ ಅರ್ಥ. ಪೊಲೀಸ್ ನೌಕರರ ಒಕ್ಕೂಟವಿರುವ ಕಡೆ ಅದರ ಜೊತೆಗಿನ ವೇತನ ಒಪ್ಪಂದದಲ್ಲಿ ಇದನ್ನು ಮೊದಲೇ ಬರೆಸಿಕೊಳ್ಳಿ. ಸಂಬಳಕ್ಕೆ ಹಳೆಯ ಸೇವೆ ಸೇರಿದರೂ ಪಾಳಿ ಮತ್ತು ರಜೆಯ ಆಯ್ಕೆಯಲ್ಲಿ ಜ್ಯೇಷ್ಠತೆ ಸೇರಿದ ದಿನದಿಂದಲೇ ಎಂದಿದ್ದರೆ ಒಳಗಿನ ಅಸಮಾಧಾನ ಅರ್ಧ ಇಳಿಯುತ್ತದೆ.

ಯಾವ ಸೇವೆ ಲೆಕ್ಕಕ್ಕೆ ಎಂಬುದನ್ನೂ ಬರಹದಲ್ಲೇ ಹೇಳಿ: ಪೂರ್ಣಾವಧಿ ಗಸ್ತು ಸೇವೆ ಸೇರುತ್ತದೆಯೇ, ಜೈಲು ಕಾವಲು ಸೇರುತ್ತದೆಯೇ, ನಡುವೆ ಎಷ್ಟು ಬಿಡುವು ನಡೆಯುತ್ತದೆ? ಕ್ಯಾಲಿಫೋರ್ನಿಯಾದಲ್ಲಿ ಮೂರು ವರ್ಷ ಅಥವಾ ಹೆಚ್ಚು ಬಿಡುವಾದರೆ ಮರು ಅರ್ಹತೆ ಬೇಕು. ಅಲ್ಲಿಯ ಸರ್ಕಾರಿ ಪಿಂಚಣಿಯ ಹಳೆಯ ಉತ್ತಮ ಸೂತ್ರದವರು ಒಂದು ಕೆಲಸ ಬಿಟ್ಟು ಆರು ತಿಂಗಳೊಳಗೆ ಇನ್ನೊಂದಕ್ಕೆ ಸೇರದಿದ್ದರೆ 2013ರ ಕಾನೂನಿನ ಹೊಸ ಸೂತ್ರಕ್ಕೆ ಇಳಿಯಬಹುದು. ಆ ನಷ್ಟವನ್ನು ಯಾವ ಮೆಟ್ಟಿಲೂ ತುಂಬಿಕೊಡದು. ಹೀಗಾಗಿ ನೇಮಕಾತಿ ಎಳೆಯಬಾರದು.

ಆದರೆ ಆತುರದಲ್ಲಿ ಹಿನ್ನೆಲೆ ಪರಿಶೀಲನೆ ಬಿಡುವುದು ಅಪಾಯ. 2014ರಲ್ಲಿ ಕ್ಲೀವ್‌ಲ್ಯಾಂಡ್‌ನಲ್ಲಿ 12 ವರ್ಷದ ತಮೀರ್ ರೈಸ್‌ಗೆ ಗುಂಡು ಹೊಡೆದ ಅಧಿಕಾರಿಯ ಹಿಂದಿನ ಇಲಾಖೆಯ ಕಡತದಲ್ಲಿ ಅವರು ಈ ಕೆಲಸಕ್ಕೆ ತಕ್ಕವರಲ್ಲ ಎಂಬ ಟಿಪ್ಪಣಿಯಿತ್ತು. ಕ್ಲೀವ್‌ಲ್ಯಾಂಡ್ ಆ ಕಡತವನ್ನು ತರಿಸಿ ನೋಡಿರಲೇ ಇಲ್ಲ. ಹಿಂದಿನ ಎಲ್ಲ ಇಲಾಖೆಗಳ ಪೂರ್ಣ ಕಡತ ಓದಿದ ಮೇಲೆಯೇ ಮೆಟ್ಟಿಲು ನಿಗದಿ ಮಾಡುವ ನೇಮಕ ಪತ್ರಕ್ಕೆ ಸಹಿ ಹಾಕಬೇಕು. ತನಿಖೆ ಬಾಕಿ ಇರುವಾಗ ರಾಜೀನಾಮೆ ಕೊಟ್ಟವರಿದ್ದರೆ ಆ ತನಿಖೆಯ ಕಾಗದ ಕೈಗೆ ಬರುವವರೆಗೆ ಸಹಿ ಬೇಡವೇ ಬೇಡ.