ಆಂಡಿ ಇದ್ದ ಸೆಲ್ ಆ ಜೈಲಿನಲ್ಲಿ ಯಾವತ್ತೂ ಇರಲಿಲ್ಲ

ಪ್ರಶ್ನೆ: ‘ದಿ ಶಾಶಾಂಕ್ ರಿಡೆಂಪ್ಶನ್’ ಸಿನಿಮಾ ತೆಗೆದ ಜೈಲು ಅಮೆರಿಕದಲ್ಲಿ ಈಗಲೂ ಇದೆಯಂತೆ, ಟಿಕೆಟ್ ತಗೊಂಡು ಒಳಗೆ ಹೋಗಬಹುದಂತೆ. ಅಲ್ಲಿಗೆ ಹೋದರೆ ಕಥಾನಾಯಕ ಆಂಡಿ ಇದ್ದ ಸೆಲ್ ನೋಡಬಹುದಾ?

ಜೈಲು ಇದೆ. ಟಿಕೆಟ್ ತಗೊಂಡು ಹೋಗಬಹುದು. ಆದರೆ ಆಂಡಿಯ ಸೆಲ್ ಅಲ್ಲಿಲ್ಲ. ಮೊದಲು ಇದ್ದು ಆಮೇಲೆ ಒಡೆದು ಹಾಕಿದರು ಅಂತಲೂ ಅಲ್ಲ, ಆ ಕಟ್ಟಡದೊಳಗೆ ಅದು ಯಾವತ್ತೂ ಇರಲೇ ಇಲ್ಲ. ಇಷ್ಟು ಹೇಳಿದ ಕೂಡಲೇ ‘ಇಲ್ಲ, ನಾನೇ ಫೋಟೋದಲ್ಲಿ ನೋಡಿದ್ದೇನೆ’ ಅಂತ ಇನ್ನೊಬ್ಬರು ಬರೆಯುತ್ತಾರೆ. ಬಿಡಿಬಿಡಿಯಾಗಿ ಉತ್ತರ ಕೊಟ್ಟೂ ಕೊಟ್ಟೂ ಸಾಕಾಗಿದೆ. ಈ ಸಲ ಪೂರ್ತಿ ಬರೆದುಬಿಡುತ್ತೇನೆ.

ಶಾಶಾಂಕ್ ಅನ್ನುವ ಜೈಲು ಎಲ್ಲೂ ಇಲ್ಲ. ಕತೆಯ ಪ್ರಕಾರ ಅದು ಮೇನ್ ರಾಜ್ಯದಲ್ಲಿದೆ. ಸಿನಿಮಾದಲ್ಲಿ ಕಾಣುವ ಕೋಟೆಯಂಥ ಕಟ್ಟಡ ಒಹಾಯೊ ರಾಜ್ಯದ ಮ್ಯಾನ್ಸ್‌ಫೀಲ್ಡ್ ಊರಿನ ಹಳೆ ಜೈಲು, ಒಹಾಯೊ ಸ್ಟೇಟ್ ರಿಫಾರ್ಮೆಟರಿ. ಮೊದಲ ಕೈದಿಗಳು ಬಂದದ್ದು 1896ರಲ್ಲಿ. ಬಾಗಿಲು ಹಾಕಿದ್ದು 1990ರ ಡಿಸೆಂಬರ್ 31ಕ್ಕೆ. ಸಿನಿಮಾದವರು ಬಂದದ್ದು 1993ರ ಬೇಸಿಗೆಯಲ್ಲಿ, ಅಂದರೆ ಕಟ್ಟಡ ಖಾಲಿ ಬಿದ್ದಿದ್ದಾಗ. ಇಲ್ಲಿವರೆಗೆ ಯಾರದೂ ತಕರಾರಿಲ್ಲ.

ತಕರಾರು ಇರುವುದು ಸೆಲ್ ಬ್ಲಾಕಿನ ಬಗ್ಗೆ. ಹೊಸ ಕೈದಿಗಳು ಬಂದ ಮೊದಲ ರಾತ್ರಿಯ ದೃಶ್ಯ ನೆನಪಿದೆ ಅಲ್ವಾ? ನಡುವೆ ಉದ್ದಕ್ಕೆ ಖಾಲಿ ಜಾಗ. ಅದರ ಎರಡೂ ಬದಿಗೆ ಅಂತಸ್ತಿನ ಮೇಲೆ ಅಂತಸ್ತು ಸೆಲ್‌ಗಳು. ಈ ಕಡೆಯವರು ಆ ಕಡೆಯವರನ್ನು ನೋಡುತ್ತಾ ಕೂಗುತ್ತಾರೆ, ಹೆದರಿಸುತ್ತಾರೆ, ಯಾರು ಮೊದಲು ಅಳುತ್ತಾರೆ ಅಂತ ಬಾಜಿ ಕಟ್ಟುತ್ತಾರೆ. ಒಬ್ಬರ ಮುಖ ಇನ್ನೊಬ್ಬರಿಗೆ ಕಾಣುವುದರಿಂದಲೇ ಆ ದೃಶ್ಯಕ್ಕೆ ಅಷ್ಟು ಜೀವ ಬಂದಿರುವುದು.

ಈಗ ಮ್ಯಾನ್ಸ್‌ಫೀಲ್ಡ್‌ನ ನಿಜವಾದ ಪೂರ್ವ ಬ್ಲಾಕಿಗೆ ಬನ್ನಿ. ದೊಡ್ಡ ಹಾಲ್‌ನ ನಟ್ಟನಡುವೆ ಉಕ್ಕಿನ ಬೀರು ತಂದು ನಿಲ್ಲಿಸಿದ ಹಾಗಿದೆ ಅದು. ಆರು ಅಂತಸ್ತು. ಹೊರಗೋಡೆಗೆ ಎಲ್ಲೂ ತಾಗಿಲ್ಲ, ತನ್ನ ಕಾಲ ಮೇಲೆ ತಾನೇ ನಿಂತಿದೆ. ಹೀಗೆ ಬಿಡಿಯಾಗಿ ನಿಂತ ಉಕ್ಕಿನ ಸೆಲ್ ಬ್ಲಾಕುಗಳಲ್ಲಿ ಜಗತ್ತಿಗೇ ದೊಡ್ಡದು ಇದು ಅನ್ನುವ ಹೆಸರೂ ಇದೆ. ಎರಡು ಸಾಲು ಸೆಲ್‌ಗಳು ಬೆನ್ನಿಗೆ ಬೆನ್ನು ಕೊಟ್ಟಿವೆ. ಆ ಬೆನ್ನುಗಳ ನಡುವಿನ ಸಂದಿಯಲ್ಲಿ ನೀರಿನ ಕೊಳವೆಗಳು ಹೋಗುತ್ತವೆ. ಸೆಲ್‌ನ ಮುಂದೆ ಒಬ್ಬರು ನಡೆಯುವಷ್ಟು ದಾರಿ. ಅದರಾಚೆ ನೆಲದವರೆಗೂ ಖಾಲಿ. ಅದರಾಚೆ ಹೊರಗೋಡೆ, ಗೋಡೆಯಲ್ಲಿ ಉದ್ದುದ್ದ ಕಿಟಕಿಗಳು.

ಹಾಗಾಗಿ ಸೆಲ್‌ನೊಳಗೆ ನಿಂತು ಸರಳಿನಾಚೆ ನೋಡಿದರೆ ಇನ್ನೊಬ್ಬ ಕೈದಿಯ ಮುಖ ಕಾಣುವುದಿಲ್ಲ. ಗೋಡೆ ಕಾಣುತ್ತದೆ, ಕಿಟಕಿಯ ಬೆಳಕು ಕಾಣುತ್ತದೆ. ಪಕ್ಕದ ಸೆಲ್‌ನವನ ದನಿ ಕೇಳುತ್ತದೆ, ಅವನು ಕಾಣುವುದಿಲ್ಲ. ಆಂಡಿಯನ್ನು ಅವನ ಜೈಲಿನ ಗೆಳೆಯ ರೆಡ್ ದೂರದಿಂದ ಗಮನಿಸುವ ಒಂದು ದೃಶ್ಯವನ್ನೂ ಇಲ್ಲಿ ತೆಗೆಯಲು ಆಗುವುದಿಲ್ಲ. ಇದರ ಜೊತೆಗೆ ಸೆಲ್‌ಗಳು ತೀರಾ ಚಿಕ್ಕವು. ಕ್ಯಾಮೆರಾ, ಲೈಟು, ನಟ ಇಷ್ಟೂ ಒಟ್ಟಿಗೆ ಹಿಡಿಯುವುದಿಲ್ಲ.

ಸಿನಿಮಾದ ಕಲಾ ವಿನ್ಯಾಸಕ ಟೆರೆನ್ಸ್ ಮಾರ್ಷ್ ಅವರಿಗೆ ಎದುರುಬದುರು ಸೆಲ್‌ಗಳೇ ಬೇಕಿತ್ತು. ಅದಕ್ಕೆ ಮ್ಯಾನ್ಸ್‌ಫೀಲ್ಡ್‌ನಲ್ಲೇ ಮುಚ್ಚಿಹೋಗಿದ್ದ ವೆಸ್ಟಿಂಗ್‌ಹೌಸ್ ಕಾರ್ಖಾನೆಯೊಳಗೆ ನೂರಾರು ಸೆಲ್‌ಗಳ ಸೆಟ್ ಹಾಕಿದರು. ನೀವು ಸಿನಿಮಾದಲ್ಲಿ ನೋಡಿದ ಸೆಲ್ ಬ್ಲಾಕ್ ಅದು. ಆಂಡಿ ಪೋಸ್ಟರ್ ಅಂಟಿಸಿದ ಗೋಡೆಯೂ ಅಲ್ಲಿನದೇ.

‘ಫೋಟೋದಲ್ಲಿ ನೋಡಿದ್ದೇನೆ’ ಅನ್ನುವವರಿಗೆ ಒಂದು ಕೆಲಸ ಹೇಳುತ್ತೇನೆ. ಆ ಫೋಟೋವನ್ನೇ ಇನ್ನೊಮ್ಮೆ ತೆಗೆದು ನೋಡಿ. ಆರು ಅಂತಸ್ತಿನ ಆ ಪ್ರಸಿದ್ಧ ಚಿತ್ರ ನಿಜವಾದದ್ದೇ. ಬಣ್ಣ ಸುಲಿದ ಸರಳುಗಳು, ತುಕ್ಕು, ಎಲ್ಲವೂ ನಿಜ. ಆದರೆ ಸರಳುಗಳು ಒಂದೇ ಬದಿಗೆ ಇರುತ್ತವೆ. ಇನ್ನೊಂದು ಬದಿಗೆ ಗೋಡೆ, ಕಿಟಕಿ. ಆಮೇಲೆ ಸಿನಿಮಾ ಹಾಕಿ, ರಾತ್ರಿಯ ದೃಶ್ಯದಲ್ಲಿ ನಿಲ್ಲಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಆಮೇಲೂ ಎರಡೂ ಒಂದೇ ಅನ್ನಿಸಿದರೆ ನನಗೆ ಬರೆಯಿರಿ.

ಇನ್ನೊಂದು ಸಾಕ್ಷಿ ಇದೆ, ಇದನ್ನು ಯಾರೂ ಯೋಚಿಸುವುದಿಲ್ಲ. ಆಂಡಿ ಕಲ್ಲು ಕೆತ್ತುವ ಪುಟ್ಟ ಸುತ್ತಿಗೆಯಿಂದ ವರ್ಷಗಟ್ಟಲೆ ಗೋಡೆ ಕೊರೆದು ದಾರಿ ಮಾಡುತ್ತಾನೆ. ಪೂರ್ವ ಬ್ಲಾಕ್ ಉಕ್ಕಿನದು. ಉಕ್ಕಿನ ಗೋಡೆಯನ್ನು ಆ ಸುತ್ತಿಗೆಯಿಂದ ಎಷ್ಟು ವರ್ಷ ಕುಟ್ಟಿದರೂ ಸದ್ದು ಬರುತ್ತದೆಯೇ ಹೊರತು ತೂತು ಬೀಳುವುದಿಲ್ಲ. ಆ ಕತೆ ನಡೆಯಬೇಕಾದರೆ ಬೇರೆಯೇ ಗೋಡೆ ಬೇಕು.

ಹಾಗಂತ ನಿಜವಾದ ಸೆಲ್ ಸಿನಿಮಾದಲ್ಲಿ ಕಾಣುವುದೇ ಇಲ್ಲ ಅಂತಲ್ಲ. ಎಲ್ಮೊ ಬ್ಲಾಚ್ ಅನ್ನುವವನು ಮಂಚದ ಮೇಲೆ ಕೂತು, ನಗುತ್ತಾ, ತಾನು ಮಾಡಿದ ಕೊಲೆಯ ಬಗ್ಗೆ ಹೇಳಿಕೊಳ್ಳುತ್ತಾನಲ್ಲ, ಆ ಚಿಕ್ಕ ದೃಶ್ಯ ನಿಜವಾದ ಸೆಲ್‌ನಲ್ಲಿ ತೆಗೆದದ್ದು. ಅದನ್ನು ಇನ್ನೊಮ್ಮೆ ನೋಡಿ. ಗೋಡೆಗಳು ಮೈಮೇಲೆ ಬಂದ ಹಾಗಿವೆ. ಆಂಡಿಯ ಸೆಲ್‌ನಲ್ಲಿರುವ ಓಡಾಟದ ಜಾಗ ಇಲ್ಲಿ ಇಲ್ಲವೇ ಇಲ್ಲ. ಮ್ಯಾನ್ಸ್‌ಫೀಲ್ಡ್‌ನ ಕೈದಿಗಳು ಹೇಗಿದ್ದರು ಅಂತ ತಿಳಿಯಬೇಕಾದರೆ ಇಡೀ ಸಿನಿಮಾದಲ್ಲಿ ಈ ಅರೆಗಳಿಗೆಯೇ ನಮಗೆ ಆಧಾರ.

ಸೆಲ್‌ಗಳನ್ನು ಹೀಗೆ ಯಾಕೆ ಕಟ್ಟಿದರು? ಸುಮ್ನೆ ಅಲ್ಲ. ಇದು 19ನೇ ಶತಮಾನದ ಆರಂಭದಲ್ಲಿ ನ್ಯೂಯಾರ್ಕ್ ರಾಜ್ಯದ ಆಬರ್ನ್ ಜೈಲಿನಲ್ಲಿ ಶುರುವಾದ ಪದ್ಧತಿ. ಸೆಲ್ ಹೊರಗೋಡೆಗೆ ತಾಗಿದ್ದರೆ ಒಂದು ಗೋಡೆ ಕೊರೆದವನು ನೇರ ಹೊರಗೆ ಹೋಗುತ್ತಾನೆ. ಸೆಲ್‌ಗಳನ್ನು ನಡುವೆ ಇಟ್ಟರೆ ಗೋಡೆ ಕೊರೆದರೂ ಅವನು ಕಟ್ಟಡದೊಳಗೇ ಇರುತ್ತಾನೆ. ಫಿಲಡೆಲ್ಫಿಯಾದ ಈಸ್ಟರ್ನ್ ಸ್ಟೇಟ್ ಜೈಲಿನಲ್ಲಿ ಇದಕ್ಕೆ ತದ್ವಿರುದ್ಧ ಪದ್ಧತಿ. 1829ರಲ್ಲಿ ಶುರುವಾದ ಆ ಜೈಲಿನಲ್ಲಿ ನಡುವೆ ಓಣಿ, ಅದರ ಎರಡೂ ಬದಿಗೆ ಹೊರಗೋಡೆಗೆ ತಾಗಿದ ಸೆಲ್‌ಗಳು. ಡಬ್ಲಿನ್‌ನ ಕಿಲ್‌ಮೇನಮ್ ಜೈಲಿನ ಪೂರ್ವ ಭಾಗವಂತೂ 1860ರ ದಶಕದ ಆರಂಭದ್ದು. ಕುದುರೆ ಲಾಳದ ಆಕಾರದ ದೊಡ್ಡ ಹಜಾರ, ಮೇಲೆ ಗಾಜಿನ ಚಾವಣಿ, ಸುತ್ತಲೂ ಅಂತಸ್ತಿನಲ್ಲಿ ಸೆಲ್ ಬಾಗಿಲುಗಳು. ನಡುವೆ ನಿಂತ ಒಬ್ಬ ಕಾವಲುಗಾರನಿಗೆ ಎಲ್ಲ ಬಾಗಿಲೂ ಕಾಣಲಿ ಅಂತ ಹಾಗೆ ಕಟ್ಟಿದರು. ಅದೇ ಜಾಗದಲ್ಲಿ ಕ್ಯಾಮೆರಾ ಇಟ್ಟರೂ ಎಲ್ಲ ಬಾಗಿಲೂ ಕಾಣುತ್ತವೆ. ಸಿನಿಮಾದವರು ಕಿಲ್‌ಮೇನಮ್‌ಗೆ ಮತ್ತೆ ಮತ್ತೆ ಹೋಗಿರುವುದು ಇದೇ ಕಾರಣಕ್ಕೆ. ಹಳೆ ಜೈಲು ಚಿತ್ರೀಕರಣಕ್ಕೆ ಸಿಕ್ಕಿತು ಅಂದ ಮಾತ್ರಕ್ಕೆ ಅದರ ಎಲ್ಲ ಮೂಲೆಯೂ ಕ್ಯಾಮೆರಾಗೆ ಒಗ್ಗುತ್ತದೆ ಅಂತಿಲ್ಲ. ಸೆಲ್ ಯಾವ ಕಡೆ ಮುಖ ಮಾಡಿದೆ ಅನ್ನುವುದೇ ಮುಖ್ಯ.

ಹಾಗಾದರೆ ಮ್ಯಾನ್ಸ್‌ಫೀಲ್ಡ್‌ಗೆ ಹೋಗಿ ನೋಡುವುದೇನು? ಬೇಕಾದಷ್ಟಿದೆ. ಮುಂಭಾಗ ಸಿನಿಮಾದಲ್ಲಿ ಕಂಡ ಹಾಗೇ ಇದೆ. ವಾರ್ಡನ್ ಕಚೇರಿ ನಿಜವಾದದ್ದು. ಪೆರೋಲ್ ಮಂಡಳಿ ಎದುರು ರೆಡ್ ಕೂರುವ ಕೋಣೆ ಇದೆ. ಬಿಡುಗಡೆಯಾದ ಮೇಲೆ ಮುದಿ ಕೈದಿ ಬ್ರೂಕ್ಸ್ ಇರುವ ಕೋಣೆ ಊರೊಳಗಿನ ಯಾವುದೋ ವಸತಿಗೃಹದ್ದು ಅಂದುಕೊಂಡಿದ್ದೀರಿ ಅಲ್ವಾ? ಅದೂ ಈ ಜೈಲಿನೊಳಗೇ ಇದೆ. ಅವನು ತೊಲೆಯ ಮೇಲೆ ಹೆಸರು ಕೆತ್ತುವುದು ಇಲ್ಲೇ. ಆಂಡಿ ತೆವಳಿ ಹೋಗುವ ಕೊಳವೆಯ ತುಂಡನ್ನೂ ಇಟ್ಟಿದ್ದಾರೆ, ಅದು ಸಿನಿಮಾಕ್ಕಾಗಿ ಮಾಡಿದ್ದು. ಸುತ್ತಲಿನ ದೊಡ್ಡ ಕಲ್ಲಿನ ಗೋಡೆ, ಹಿಂದಿನ ಕಟ್ಟಡಗಳು ಈಗಿಲ್ಲ. ಸಿನಿಮಾ ಮುಗಿದ ಮೇಲೆ ಕೆಡವಿದರು. ಸಿನಿಮಾದ ಕೊನೆಗೆ ರೆಡ್ ಹುಡುಕಿಕೊಂಡು ಹೋಗುವ ಓಕ್ ಮರ ಕೇಳಬೇಡಿ. ಅದು ಜೈಲಿನ ಹತ್ತಿರ ಇರಲಿಲ್ಲ, ಲೂಕಸ್ ಊರಿನ ಕಡೆ ಮಲಬಾರ್ ಫಾರ್ಮ್ ಪಕ್ಕದಲ್ಲಿತ್ತು. 2011ರಲ್ಲಿ ಸಿಡಿಲು ಬಡಿದು ಸೀಳಿತು, 2016ರಲ್ಲಿ ಉರುಳಿತು. ಕೊನೆಯ ದೃಶ್ಯದ ಕಡಲತೀರವೂ ಕತೆಯಲ್ಲಿರುವ ಹಾಗೆ ಮೆಕ್ಸಿಕೊದ್ದಲ್ಲ, ಕೆರಿಬಿಯನ್‌ನ ಸೇಂಟ್ ಕ್ರಾಯ್ ದ್ವೀಪದ್ದು.

ಮುಖ್ಯ ಕಟ್ಟಡವನ್ನೂ ಸರ್ಕಾರ ಕೆಡವುವುದರಲ್ಲಿತ್ತು. 1995ರಲ್ಲಿ ಸ್ಥಳೀಯರು ಸಂರಕ್ಷಣಾ ಸಂಘ ಕಟ್ಟಿಕೊಂಡು ತಡೆದರು. 2000ದಲ್ಲಿ ಅವರು ಅದನ್ನು ಸರ್ಕಾರದಿಂದ ಒಂದು ಡಾಲರ್‌ಗೆ ಕೊಂಡರು. ಇವತ್ತು ನೀವು ಒಳಗೆ ಕಾಲಿಡಬಹುದು ಅಂದರೆ ಅವರಿಂದಾಗಿ. ಪ್ರವಾಸಿಗಳು ಕೊಡುವ ಟಿಕೆಟ್ ಹಣದಿಂದ ಕಿಟಕಿ, ಚಾವಣಿ ರಿಪೇರಿ ಆಗುತ್ತದೆ.

ಇಷ್ಟೆಲ್ಲ ಕೇಳುವವರು ಒಂದನ್ನು ಮಾತ್ರ ಕೇಳುವುದಿಲ್ಲ: ಸಿನಿಮಾದವರು ಬಂದಾಗ ಜೈಲು ಖಾಲಿ ಇತ್ತಲ್ಲ, ಅದನ್ನು ಮುಚ್ಚಿಸಿದ್ದು ಯಾರು? ನಾನು ಹೇಳದೆ ಬಿಡುವುದಿಲ್ಲ, ಯಾಕೆಂದರೆ ಈ ಕಟ್ಟಡದ ನಿಜವಾದ ಕತೆ ಇದು.

ಲೀವೈ ಸ್ಕೋಫೀಲ್ಡ್ ಅನ್ನುವ ಕ್ಲೀವ್‌ಲ್ಯಾಂಡ್‌ನ ವಾಸ್ತುಶಿಲ್ಪಿ ಇದನ್ನು ಚರ್ಚು, ಕೋಟೆಗಳ ಹಾಗೆ ಕಟ್ಟಿದ್ದು, ಒಳಗೆ ಬಂದ ಹುಡುಗರ ಮನಸ್ಸು ಬದಲಾಗಲಿ ಅಂತ. ಮೊದಲ ಸಲ ತಪ್ಪು ಮಾಡಿದ ಎಳೆಯರಿಗೆ ಅಂತಲೇ ಮಾಡಿದ ಜಾಗ ಇದು. 1896ರಲ್ಲಿ ರೈಲಿನಲ್ಲಿ ಕರೆತಂದ ಮೊದಲ 150 ಕೈದಿಗಳಿಗೆ ಕೊಟ್ಟ ಕೆಲಸ ಏನು ಗೊತ್ತಾ? ಜೈಲಿನ ಒಳಚರಂಡಿ ತೋಡುವುದು, ತಮ್ಮನ್ನು ಕೂಡಿಹಾಕುವ 25 ಅಡಿ ಎತ್ತರದ ಗೋಡೆ ಕಟ್ಟುವುದು. ವರ್ಷ ಕಳೆದ ಹಾಗೆ ಜನ ತುಂಬಿದರು, ಸುಧಾರಣೆಯ ಮಾತು ಹಿಂದೆ ಬಿತ್ತು, ಜೈಲು ಕೊಳೆಯಿತು. 1978ರಲ್ಲಿ ಒಳಗಿನ ಕೈದಿಗಳ ಪರವಾಗಿ ಫೆಡರಲ್ ಕೋರ್ಟಿನಲ್ಲಿ ದಾವೆ ಬಿತ್ತು. ಚರ್ಚುಗಳು, ನಾಗರಿಕ ಸಂಘಟನೆಗಳು ಜೊತೆಗೆ ನಿಂತವು. ಇಲ್ಲಿ ಮನುಷ್ಯರು ಬದುಕುವ ಸ್ಥಿತಿ ಇಲ್ಲ, ಇದರಿಂದ ಸಂವಿಧಾನ ಕೊಟ್ಟ ಹಕ್ಕಿಗೇ ಧಕ್ಕೆ ಆಗುತ್ತಿದೆ ಅನ್ನುವುದು ಅವರ ವಾದ. 1983ರಲ್ಲಿ ರಾಜಿ ಆದೇಶ ಬಂತು. ಸ್ಥಿತಿ ಸುಧಾರಿಸಬೇಕು, 1986ರ ಕೊನೆಯೊಳಗೆ ಸೆಲ್ ಬ್ಲಾಕುಗಳನ್ನು ಮುಚ್ಚಬೇಕು ಅಂತ ಅಧಿಕಾರಿಗಳು ಒಪ್ಪಿಕೊಂಡರು. ಪಕ್ಕದಲ್ಲೇ ಹೊಸ ಜೈಲು ಕಟ್ಟುವುದು ತಡವಾಗಿ ಆ ಗಡುವು 1990ರ ಡಿಸೆಂಬರ್ 31ಕ್ಕೆ ಹೋಯಿತು.

ಸಿನಿಮಾದಲ್ಲಿ ಒಬ್ಬ ತೂತು ಕೊರೆದು ಹೊರಗೆ ಬಂದ. ಇಲ್ಲಿ ಅರ್ಜಿ ಹಾಕಿದವರು ಜೈಲನ್ನೇ ಮುಚ್ಚಿಸಿದರು. ಮ್ಯಾನ್ಸ್‌ಫೀಲ್ಡ್‌ಗೆ ಹೋದಾಗ ಗೈಡ್ ಸಿಕ್ಕರೆ ಆಂಡಿಯ ಸೆಲ್ ಬಿಡಿ, ಈ ದಾವೆಯ ಬಗ್ಗೆ ಕೇಳಿ. ಆಮೇಲೆ ಪೂರ್ವ ಬ್ಲಾಕಿನ ಯಾವುದಾದರೂ ಒಂದು ಸೆಲ್‌ನೊಳಗೆ ನಿಂತು ಎರಡೂ ಕೈ ಚಾಚಿ ನೋಡಿ. ಅವರು ಯಾಕೆ ಕೋರ್ಟಿಗೆ ಹೋದರು ಅಂತ ಗೈಡ್ ಹೇಳುವ ಮೊದಲೇ ತಿಳಿಯುತ್ತದೆ.